ಸ್ನಾತಕೋತ್ತರ ಪ್ರವೇಶ: ಒಂದೇ ಅರ್ಜಿ, ಒಂದೇ ವೇಳಾಪಟ್ಟಿ ಬೇಕು

ಸಂಪಾದಕರಿಗೆ,

ಮಾನ್ಯರೇ,

ನಾನು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಪ್ರತಿವರ್ಷ ಆರನೇ ಸೆಮಿಸ್ಟರ್ ಪರೀಕ್ಷೆ ಮುಗಿಯುತ್ತಿದ್ದಂತೆ ಎಂ.ಎ., ಎಂ.ಕಾಂ., ಎಂ.ಎಸ್ಸಿ.ಗೆ ಸೇರಬೇಕೆನ್ನುವ ನಮ್ಮ ಮಕ್ಕಳ ಪಕ್ಕದಲ್ಲಿ ಕುಳಿತು ಅರ್ಜಿ ತುಂಬಿಸುವ ಕೆಲಸ ಶುರುವಾಗುತ್ತದೆ. ಈ ಮಕ್ಕಳಲ್ಲಿ ಹೆಚ್ಚಿನವರು ತಮ್ಮ ಮನೆಯಲ್ಲಿ ಪದವಿಯವರೆಗೆ ಓದಿದ ಮೊದಲಿಗರಾದ್ದರಿಂದ, ಅರ್ಜಿ ಯಾವಾಗ ಕರೆಯುತ್ತಾರೆ, ಯಾವ ದಾಖಲೆ ಬೇಕು, ಯಾವ ಪಟ್ಟಿಯಲ್ಲಿ ಹೆಸರು ನೋಡಬೇಕು ಎಂದು ಕೇಳಿ ತಿಳಿಯಲು ಅವರಿಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಅವರ ಪರವಾಗಿ ಒಂದು ಮಾತನ್ನು ಸರ್ಕಾರದ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಊರಿನಿಂದ ದಾವಣಗೆರೆ, ಶಂಕರಘಟ್ಟ, ಧಾರವಾಡದ ವಿಶ್ವವಿದ್ಯಾಲಯಗಳು ಮೂರೂ ಒಂದು ಹಗಲಿನಲ್ಲಿ ಹೋಗಿ ಬರಬಹುದಾದ ದೂರದಲ್ಲಿವೆ. ಸೀಟು ಎಲ್ಲಿ ಸಿಗುತ್ತದೋ ತಿಳಿಯದ ಕಾರಣ ವಿದ್ಯಾರ್ಥಿಗಳು ಎರಡು ಮೂರು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುತ್ತಾರೆ. ಪ್ರತಿಯೊಂದಕ್ಕೂ ಪ್ರತ್ಯೇಕ ಅಧಿಸೂಚನೆ, ಪ್ರತ್ಯೇಕ ಶುಲ್ಕ, ಪ್ರತ್ಯೇಕ ಕೊನೆಯ ದಿನಾಂಕ. ಆಯ್ಕೆಗೆ ಅಂಕ ಲೆಕ್ಕ ಹಾಕುವ ಕ್ರಮವೂ ಎಲ್ಲ ಕಡೆ ಒಂದೇ ಅಲ್ಲ. ಒಂದು ಕಡೆ ಮೊದಲ ಸುತ್ತಿನ ಕೌನ್ಸೆಲಿಂಗ್ ಮುಗಿದು ಶುಲ್ಕ ಕಟ್ಟಲು ಮೂರು ದಿನ ಗಡುವು ಕೊಟ್ಟಿರುವಾಗ, ಇನ್ನೊಂದು ಕಡೆ ಅರ್ಜಿಯನ್ನೇ ಕರೆದಿರುವುದಿಲ್ಲ. ಕೈಯಲ್ಲಿರುವ ಸೀಟಿಗೆ ಸಾಲ ಮಾಡಿ ಹಣ ಕಟ್ಟಬೇಕೋ, ಹತ್ತಿರದ ವಿಶ್ವವಿದ್ಯಾಲಯದ ಪಟ್ಟಿಗಾಗಿ ಕಾಯಬೇಕೋ ಎಂದು ಮಕ್ಕಳು ಕೇಳಿದಾಗ, ಇಷ್ಟು ವರ್ಷ ಕಲಿಸಿದ ನನಗೂ ಖಚಿತವಾದ ಉತ್ತರ ಕೊಡಲು ಆಗುವುದಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಫಲಿತಾಂಶದ್ದು. ಎರಡು ವರ್ಷದ ಹಿಂದೆ ನಮ್ಮ ತರಗತಿಯಲ್ಲೇ ಹೆಚ್ಚು ಅಂಕ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಕೊನೆಯ ಸೆಮಿಸ್ಟರ್‌ನ ಒಂದು ಪತ್ರಿಕೆಯ ಫಲಿತಾಂಶ, ಆಂತರಿಕ ಅಂಕ ದಾಖಲಾಗಿಲ್ಲವೆಂಬ ಕಾರಣಕ್ಕೆ ತಡೆಹಿಡಿಯಲ್ಪಟ್ಟಿತು. ಅಂಕಗಳನ್ನು ಕಾಲೇಜಿನಿಂದ ಕಳುಹಿಸಲಾಗಿತ್ತು. ಅದಕ್ಕೆ ಸ್ವೀಕೃತಿಯೂ ಇತ್ತು. ಅವಳ ತಂದೆ ಕೂಲಿ ಬಿಟ್ಟು ಮಗಳೊಂದಿಗೆ ಪರೀಕ್ಷಾ ವಿಭಾಗಕ್ಕೆ ಮೂರು ಬಾರಿ ಹೋಗಿ ಬಂದರು. ಶಕ್ತಿ ಯೋಜನೆಯಿಂದ ಮಗಳಿಗೆ ಬಸ್ಸಿನ ಖರ್ಚಿರಲಿಲ್ಲ, ಆದರೆ ಅಪ್ಪನ ಟಿಕೆಟ್ಟು ಮತ್ತು ಮೂರು ದಿನದ ಕೂಲಿಯ ನಷ್ಟವನ್ನು ಆ ಮನೆಯೇ ಹೊತ್ತಿತು. ತಿದ್ದಿದ ಅಂಕಪಟ್ಟಿ ಬಂದಾಗ ಅವಳು ಸೇರಬೇಕೆಂದಿದ್ದ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ದಂಡಶುಲ್ಕ ಸಹಿತ ಅರ್ಜಿ ಸಲ್ಲಿಸುವ ದಿನವೂ ಮುಗಿದು ಒಂಬತ್ತು ದಿನಗಳಾಗಿದ್ದವು. ಮುಂದಿನ ವರ್ಷ ಹಾಕಿದರಾಯಿತು ಎಂದು ನಾವೆಲ್ಲ ಸಮಾಧಾನ ಹೇಳಿದೆವು. ಮುಂದಿನ ವರ್ಷ ಅರ್ಜಿ ಕರೆಯುವ ಹೊತ್ತಿಗೆ ಅವಳ ಮದುವೆಯಾಗಿತ್ತು.

ಆ ಎರಡು ವಿಶ್ವವಿದ್ಯಾಲಯಗಳ ಹೆಸರನ್ನು ಬೇಕೆಂದೇ ಬರೆದಿಲ್ಲ. ಒಂದು ಕಡೆಯ ಪರೀಕ್ಷಾ ವಿಭಾಗಕ್ಕೂ ಇನ್ನೊಂದು ಕಡೆಯ ಪ್ರವೇಶ ವಿಭಾಗಕ್ಕೂ ಪರಸ್ಪರ ಕೇಳಿ ದಿನಾಂಕ ನಿಗದಿಪಡಿಸುವ ಹೊಣೆಯನ್ನು ಯಾರೂ ಹೊರಿಸಿಲ್ಲ. ಹಳ್ಳಿಯ ಹೆಣ್ಣುಮಗಳೊಬ್ಬಳಿಗೆ ಒಂದು ವರ್ಷ ಮನೆಯಲ್ಲಿ ಕೂರುವುದೆಂದರೆ ಬಹುತೇಕ ಓದು ಅಲ್ಲಿಗೆ ನಿಂತಂತೆ ಎಂಬುದನ್ನು ದಿನಾಂಕ ಗೊತ್ತುಮಾಡುವವರು ಒಮ್ಮೆ ಯೋಚಿಸಬೇಕು.

ಈ ಹೊಂದಾಣಿಕೆ ಅಸಾಧ್ಯವಾದದ್ದೇನೂ ಅಲ್ಲ. ಎಂ.ಬಿ.ಎ., ಎಂ.ಸಿ.ಎ., ಎಂ.ಟೆಕ್. ಸೇರುವವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪಿಜಿಸಿಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಸಿ, ಒಂದೇ ಅರ್ಜಿಯಲ್ಲಿ ರಾಜ್ಯದ ಕಾಲೇಜುಗಳನ್ನು ಆದ್ಯತೆಯ ಮೇರೆಗೆ ಆರಿಸಿಕೊಳ್ಳುವ ಅವಕಾಶ ಕೊಟ್ಟು, ಸುತ್ತು ಸುತ್ತಾಗಿ ಸೀಟು ಹಂಚುತ್ತದೆ. ಎಂ.ಬಿ.ಎ. ವಿದ್ಯಾರ್ಥಿಗೆ ದೊರೆತಿರುವ ಈ ಅನುಕೂಲ ಕನ್ನಡ, ಇತಿಹಾಸ, ಅರ್ಥಶಾಸ್ತ್ರ, ವಾಣಿಜ್ಯ ಓದುವ ವಿದ್ಯಾರ್ಥಿಗೂ ದೊರೆಯಬೇಕು. ಎಂ.ಎ.ಗೆ ಪ್ರವೇಶ ಪರೀಕ್ಷೆಯೇ ಬೇಕೆಂದು ನಾನು ಹೇಳುತ್ತಿಲ್ಲ. ಪದವಿಯ ಅಂಕಗಳ ಮೇಲೆಯೇ ಆಯ್ಕೆ ನಡೆಯಲಿ, ಆದರೆ ಅರ್ಜಿ ಒಂದೇ ಇರಲಿ.

ಅದಕ್ಕೆ ಬೇಕಾದ ತಂತ್ರಾಂಶವೂ ನಮ್ಮಲ್ಲಿದೆ. 2021-22ರಿಂದ ರಾಜ್ಯದ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ, ಪರೀಕ್ಷೆ, ಫಲಿತಾಂಶಗಳಿಗಾಗಿ ಯುಯುಸಿಎಂಎಸ್ ಎಂಬ ಏಕೀಕೃತ ವ್ಯವಸ್ಥೆ ಬಂದಿದ್ದು, ಹಲವು ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಅರ್ಜಿಯನ್ನೂ ಅದರ ಮೂಲಕವೇ ಕರೆಯುತ್ತಿವೆ. ವಿದ್ಯಾರ್ಥಿಯ ಆರೂ ಸೆಮಿಸ್ಟರ್‌ಗಳ ಅಂಕ ಅದರಲ್ಲಿರುವಾಗ, ಸೈಬರ್ ಸೆಂಟರಿಗೆ ಹೋಗಿ ಪ್ರತಿ ಅಂಕಪಟ್ಟಿಯನ್ನು ಮತ್ತೆ ಸ್ಕ್ಯಾನ್ ಮಾಡಿಸಿ ಏರಿಸುವ ಅಗತ್ಯವೇ ಬೀಳಬಾರದು. ಹೀಗೆ ಏರಿಸುವಾಗ ಆಗುವ ಸಣ್ಣ ತಪ್ಪುಗಳಿಂದಲೇ ಎಷ್ಟೋ ಅರ್ಜಿಗಳು ತಿರಸ್ಕೃತವಾಗುವುದನ್ನು ನಾನು ಕಂಡಿದ್ದೇನೆ: ಆಧಾರ್‌ನಲ್ಲಿ ತಂದೆಯ ಹೆಸರು ಮುಂದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಿಂದೆ, ಜಾತಿ ಪ್ರಮಾಣಪತ್ರದಲ್ಲಿ ಇನಿಷಿಯಲ್ ಮಾತ್ರ.

ಅಂತಿಮ ವರ್ಷದಲ್ಲಿರುವವರು ಫಲಿತಾಂಶಕ್ಕೆ ಮೊದಲೇ ಅರ್ಜಿ ಹಾಕುವ ಪದ್ಧತಿಯೂ ಹೊಸದಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗಾಗಿ 2022ರಿಂದ ನಡೆಯುತ್ತಿರುವ ಸಿಯುಇಟಿ-ಪಿಜಿ ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಲ್ಲಿ ಅವರಿಗೆ ಅವಕಾಶವಿದ್ದು, ಅಂಕಪಟ್ಟಿಯನ್ನು ಆಮೇಲೆ ಸಲ್ಲಿಸಬಹುದು. ಆ ಪರೀಕ್ಷೆಯ ಬಗ್ಗೆ ನನಗೆ ಬೇರೊಂದು ತಕರಾರಿದೆ, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪದವಿ ಪ್ರವೇಶದ ಸಿಯುಇಟಿಯನ್ನು ಕನ್ನಡವೂ ಸೇರಿ ಹದಿಮೂರು ಭಾಷೆಗಳಲ್ಲಿ ಬರೆಯಬಹುದಾದರೂ, ಸ್ನಾತಕೋತ್ತರ ಪರೀಕ್ಷೆಯಲ್ಲಿ ಭಾಷಾ ವಿಷಯಗಳಂತಹ ಕೆಲವನ್ನು ಬಿಟ್ಟರೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಇತಿಹಾಸ ಓದಲು ಹೋಗಬೇಕೆನ್ನುವ ಆಳಂದದ ಹುಡುಗ, ಕನ್ನಡದಲ್ಲಿ ಕಲಿತದ್ದನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಓದಿಕೊಂಡು ಉತ್ತರಿಸಬೇಕು. ನಮ್ಮ ಸಂಸದರು ಇದನ್ನು ಲೋಕಸಭೆಯಲ್ಲಿ ಕೇಳಬೇಕು.

ರಾಜ್ಯದ ಮಟ್ಟದಲ್ಲಿ ಆಗಬೇಕಾದದ್ದನ್ನು ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಈ ವರ್ಷವೇ ಆರಂಭಿಸಬಹುದು. ಎಲ್ಲ ರಾಜ್ಯ ವಿಶ್ವವಿದ್ಯಾಲಯಗಳ ಕುಲಪತಿಗಳನ್ನು ಒಟ್ಟಿಗೆ ಕೂರಿಸಿ, ಕೊನೆಯ ವಿಶ್ವವಿದ್ಯಾಲಯದ ಪದವಿ ಫಲಿತಾಂಶ ಪ್ರಕಟವಾಗಿ ಹದಿನೈದು ದಿನ ಕಳೆಯುವವರೆಗೆ ಯಾವ ವಿಶ್ವವಿದ್ಯಾಲಯವೂ ಸ್ನಾತಕೋತ್ತರ ಅರ್ಜಿಯ ಅವಧಿಯನ್ನು ಮುಗಿಸಬಾರದು ಎಂಬ ಒಂದು ನಿಯಮ ಮಾಡಿದರೆ ಅರ್ಧ ಸಂಕಟ ತೀರುತ್ತದೆ. ವಿಶ್ವವಿದ್ಯಾಲಯಗಳ ಸ್ವಾಯತ್ತತೆಗೆ ಇದರಿಂದ ಧಕ್ಕೆ ಎಂಬ ಮಾತು ಬರುತ್ತದೆಂದು ಬಲ್ಲೆ. ಏನನ್ನು ಕಲಿಸಬೇಕು, ಹೇಗೆ ಪರೀಕ್ಷಿಸಬೇಕು ಎಂಬುದರಲ್ಲಿ ಸ್ವಾಯತ್ತತೆ ಖಂಡಿತ ಇರಬೇಕು, ನಾನೂ ಅದರ ಪರ. ಆದರೆ ಅರ್ಜಿಯ ಕೊನೆಯ ದಿನಾಂಕವನ್ನು ಎಲ್ಲರೂ ಮಾತಾಡಿಕೊಂಡು ಗೊತ್ತುಮಾಡಿದರೆ ಯಾವ ವಿಭಾಗದ ಪಾಠಕ್ಕೂ ಕುಂದು ಬರುವುದಿಲ್ಲ. ಬೇರೆ ವಿಶ್ವವಿದ್ಯಾಲಯದಿಂದ ಬರುವವರ ವಲಸೆ ಪ್ರಮಾಣಪತ್ರವನ್ನು ಪ್ರವೇಶದ ದಿನವೇ ಕೇಳದೆ, ತರಗತಿ ಆರಂಭವಾದ ಮೇಲೆ ತಂದುಕೊಡಲು ಸಮಯ ಕೊಡಬೇಕು.

ಸೀಟು ಬಿಟ್ಟು ಹೋಗುವವರ ಮೂಲ ದಾಖಲೆಗಳನ್ನು ಇಟ್ಟುಕೊಳ್ಳಬಾರದು, ಶುಲ್ಕ ಮರಳಿಸಬೇಕು ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲೇ ಹೇಳಿದೆ. ಆ ಸೂಚನೆಯನ್ನು ಕನ್ನಡದಲ್ಲಿ ಅಚ್ಚುಮಾಡಿ ಪ್ರತಿ ಪ್ರವೇಶ ವಿಭಾಗದ ಗೋಡೆಯ ಮೇಲೆ ಹಾಕಿಸಬೇಕು. ಹಣ ವಾಪಸ್ ಕೇಳುವುದು ತಮ್ಮ ಹಕ್ಕೆಂದು ನಮ್ಮ ಮಕ್ಕಳಿಗೆ ಗೊತ್ತಿಲ್ಲ, ಕೇಳಲು ಅಂಜುತ್ತಾರೆ.

ಕಡೆಯದಾಗಿ, ಈಗ ಆರನೇ ಸೆಮಿಸ್ಟರ್‌ನಲ್ಲಿರುವ ವಿದ್ಯಾರ್ಥಿಗಳು ಈ ಪತ್ರ ಓದಿದರೆ ಅವರಿಗೆ ಒಂದು ಮಾತು. ಗ್ರಾಮೀಣ ಅಥವಾ ಕನ್ನಡ ಮಾಧ್ಯಮ ಮೀಸಲಾತಿ ಕೋರುವವರು ಒಂದರಿಂದ ಹತ್ತನೇ ತರಗತಿಯವರೆಗೆ ಓದಿದ ಶಾಲೆಗಳ ಮುಖ್ಯೋಪಾಧ್ಯಾಯರಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯನ್ನು ಈಗಲೇ ಮಾಡಿಸಿಟ್ಟುಕೊಳ್ಳಿ; ಬೇಸಿಗೆ ರಜೆ ಬಂದರೆ ಶಾಲೆಯಲ್ಲಿ ಯಾರೂ ಸಿಗುವುದಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ನೋಡಿ, ಮುಗಿದಿದ್ದರೆ ನಾಡಕಚೇರಿಗೆ ಈ ವಾರವೇ ಅರ್ಜಿ ಕೊಡಿ. ಅರ್ಜಿ ತುಂಬಲು ತಿಳಿಯದಿದ್ದರೆ ನಿಮ್ಮ ಕಾಲೇಜಿನ ಅಧ್ಯಾಪಕರನ್ನು ಕೇಳಲು ಹಿಂಜರಿಯಬೇಡಿ.

ಇತಿ ತಮ್ಮ ವಿಶ್ವಾಸಿ,
ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಅಧ್ಯಾಪಕ