ಬಾವಿ ನೀರಿನ ವರದಿಯಲ್ಲಿ ಬೆಂಜೀನ್ ಲೆಕ್ಕವೂ ಇರಲಿ

ಮಾನ್ಯರೇ,

ಬೆಳಗಾವಿಯ ಉದ್ಯಮಬಾಗ್ ಕಡೆ ನಮ್ಮ ಪರಿಚಯದವರ ಮನೆ ಬಾವಿ ನೀರಿಗೆ ಕಳೆದ ಮಳೆಗಾಲದಿಂದ ಪೆಟ್ರೋಲ್ ವಾಸನೆ. ಕೊಡ ಎತ್ತಿದ ಕೂಡಲೇ ಮೂಗಿಗೆ ಹೊಡೆಯುತ್ತದೆ. ಬಕೆಟ್‌ನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಮೇಲೆ ಬಣ್ಣಬಣ್ಣದ ತೆಳು ಪೊರೆ ಕಟ್ಟುತ್ತದೆ. ಲ್ಯಾಬ್‌ಗೆ ಕೊಟ್ಟರೆ ‘ತೈಲ ಮತ್ತು ಗ್ರೀಸ್: ಮಿತಿಯೊಳಗಿದೆ’ ಎಂಬ ವರದಿ ಬಂತು. ಲ್ಯಾಬಿನವರು ಸುಳ್ಳು ಬರೆದಿಲ್ಲ. ನಿಯಮ ಏನು ಕೇಳುತ್ತದೋ ಅದನ್ನೇ ಅಳೆದಿದ್ದಾರೆ. ಕೊರತೆ ಇರುವುದು ನಿಯಮದಲ್ಲೇ.

1986ರ ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಹಳ್ಳ, ನದಿಗೆ ಬಿಡುವ ತ್ಯಾಜ್ಯ ನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂ, ಒಳಚರಂಡಿಗೆ ಬಿಡುವುದರಲ್ಲಿ 20 ಮಿಲಿಗ್ರಾಂವರೆಗೆ ‘ತೈಲ ಮತ್ತು ಗ್ರೀಸ್’ ಇರಬಹುದು. ಹೋಟೆಲಿನ ಕರಿದ ಎಣ್ಣೆ, ಮಷಿನ್ ಶಾಪಿನ ಕಟಿಂಗ್ ಆಯಿಲ್, ಲಾರಿಯ ಹಳೆ ಎಂಜಿನ್ ಆಯಿಲ್ ಎಲ್ಲಕ್ಕೂ ಇದೊಂದೇ ಲೆಕ್ಕ. ಪರೀಕ್ಷೆ ಮಾಡುವ ರೀತಿ ನೋಡಿ. ನೀರಿಗೆ ಹೆಕ್ಸೇನ್‌ನಂಥ ದ್ರಾವಕ ಹಾಕಿ ಜಿಡ್ಡನ್ನು ಎಳೆದುಕೊಳ್ಳುತ್ತಾರೆ. ಆಮೇಲೆ ದ್ರಾವಕವನ್ನು ಕಾಯಿಸಿ ಆವಿ ಮಾಡಿ, ತಳದಲ್ಲಿ ಉಳಿದದ್ದನ್ನು ತೂಗುತ್ತಾರೆ. ಪೆಟ್ರೋಲಿನಲ್ಲಿರುವ ಬೆಂಜೀನ್, ಟಾಲುವೀನ್ ಬೇಗ ಹಾರಿಹೋಗುವಂಥವು. ದ್ರಾವಕದ ಜೊತೆಗೇ ಅವೂ ಹೋಗಿಬಿಡುತ್ತವೆ. ಜಾಸ್ತಿ ಹೆದರಬೇಕಾದದ್ದೇ ತಕ್ಕಡಿಗೆ ಬರುವುದಿಲ್ಲ.

ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆ, ಇದರಲ್ಲಿ ಎರಡು ಮಾತಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮಲ್ಲೂ ಗಾಳಿಗೆ 2009ರಿಂದ ಮಿತಿ ಇದೆ, ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ. ಆದರೆ ಕುಡಿಯುವ ನೀರಿಗೆಂದು 2012ರಲ್ಲಿ ಬಂದ ಐಎಸ್ 10500 ಮಾನದಂಡದಲ್ಲಿ ‘ಖನಿಜ ತೈಲ’ ಲೀಟರಿಗೆ 0.5 ಮಿಲಿಗ್ರಾಂ ಎಂದಿದೆಯೇ ಹೊರತು ಬೆಂಜೀನ್‌ಗೆ ಬೇರೆ ಮಿತಿ ಇಲ್ಲ. ಉಸಿರಾಡುವ ಗಾಳಿಯಲ್ಲಿ ಲೆಕ್ಕ ಇಡುವ ವಿಷಕ್ಕೆ ಕುಡಿಯುವ ನೀರಿನಲ್ಲೂ ಲೆಕ್ಕ ಬೇಕು ಅಲ್ವಾ?

ಬೆಳಗಾವಿ ಬಾವಿಗಳ ಊರು. 1924ರ ಅಧಿವೇಶನಕ್ಕೆಂದು ತೋಡಿದ ಕಾಂಗ್ರೆಸ್ ಬಾವಿ ಇವತ್ತಿಗೂ ಇದೆ. ನಳದ ನೀರು ತಪ್ಪಿದ ದಿನ ಎಷ್ಟೋ ಮನೆಗಳಿಗೆ ಬಾವಿಯೇ ಗತಿ. ಅದೇ ಓಣಿಗಳಲ್ಲಿ ಗ್ಯಾರೇಜು, ವರ್ಕ್‌ಶಾಪು, ಪೆಟ್ರೋಲ್ ಬಂಕೂ ಇವೆ. ನೆಲದಡಿಯ ಟ್ಯಾಂಕ್ ಸೋರಿದರೆ ಮೇಲಿಂದ ಯಾರಿಗೂ ಗೊತ್ತಾಗುವುದಿಲ್ಲ.

ಮಾಲಿನ್ಯಗೊಂಡ ಜಾಗಗಳಿಗೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಹೊಸ ನಿಯಮ ತಂದಿದೆ. ಅನುಮಾನವಿರುವ ಜಾಗಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಸ್ಥಳೀಯ ಆಡಳಿತ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು. ವಾಸನೆ ಬರುವ ಬಾವಿಗಳ ಸುತ್ತಲಿನ ಜಾಗವೂ ಆ ಪಟ್ಟಿಗೆ ಸೇರಲಿ. ನೀರಿನ ಮಾದರಿಯನ್ನು ಕೈಗೆ ಸಿಕ್ಕ ಪ್ಲಾಸ್ಟಿಕ್ ಬಾಟಲಿಯಲ್ಲಿ ಸುಮ್ನೆ ಒಯ್ದರೆ ಪ್ರಯೋಜನವಿಲ್ಲ. ಗಾಜಿನ ಬಾಟಲಿಗೆ ಗಾಳಿ ಉಳಿಯದಂತೆ ಬಾಯಿವರೆಗೆ ತುಂಬಿ, ತಂಪಾಗಿಟ್ಟು, ಆವಿಯಾಗುವ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಫಿ ವಿಧಾನದಲ್ಲಿ, ಪೆಟ್ರೋಲಿನಲ್ಲಿರುವ ಬೆಂಜೀನ್, ಟಾಲುವೀನ್, ಈಥೈಲ್‌ಬೆಂಜೀನ್, ಕ್ಸೈಲೀನ್ ನಾಲ್ಕನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ವರದಿಯಲ್ಲಿ ನಾಲ್ಕರ ಹೆಸರೂ ಪ್ರಮಾಣವೂ ಇರಬೇಕು. ಕೇಂದ್ರದ ಮಾನದಂಡ ತಿದ್ದುಪಡಿಯಾಗಲು ಸಮಯ ಬೇಕು ಎನ್ನಬಹುದು. ಹೀಗೆ ಅಳೆದು ಬರೆಯಲು ಮಂಡಳಿ ಅದಕ್ಕಾಗಿ ಕಾಯಬೇಕಿಲ್ಲ. ಆ ವರದಿ ಬರುವವರೆಗೆ ಮಹಾನಗರ ಪಾಲಿಕೆ ಅಂಥ ಮನೆಗಳಿಗೆ ಟ್ಯಾಂಕರ್ ನೀರು ಕೊಡಲಿ.

– ಒಬ್ಬ ಓದುಗ, ಟಿಳಕವಾಡಿ, ಬೆಳಗಾವಿ