ಭಾನುವಾರದ ಮಾತುಕತೆ: ಡ್ಯಾನ್ ಲೆನೊ

ಎಲ್ಲರಿಗೂ ನಮಸ್ಕಾರ 🙏

ಈ ಭಾನುವಾರ ಸಂಜೆ 6ಕ್ಕೆ ಜೂಮ್‌ನಲ್ಲಿ ಸೇರೋಣ. ವಿಷಯ: ಲಂಡನ್ನಿನ ಮ್ಯೂಸಿಕ್ ಹಾಲ್ (ಹಾಡು, ಹಾಸ್ಯ, ಕುಣಿತದ ಜನಪ್ರಿಯ ರಂಗಮಂದಿರ) ಹಾಸ್ಯನಟ, ಗಾಯಕ ಡ್ಯಾನ್ ಲೆನೊ (1860–1904). ಹಾಸ್ಯಪಾತ್ರ, ಸ್ತ್ರೀಪಾತ್ರ ಮಾಡುವವರು ದಯವಿಟ್ಟು ತಪ್ಪಿಸಬೇಡಿ.

ನಿಜನಾಮ ಜಾರ್ಜ್ ಗ್ಯಾಲ್ವಿನ್. ಅಪ್ಪ-ಅಮ್ಮ ರಂಗದವರೇ, ಹಾಗಾಗಿ ಎಳೆಯ ವಯಸ್ಸಿಗೇ ವೇದಿಕೆ ಹತ್ತಿದ. 1880ರಲ್ಲಿ ಲೀಡ್ಸ್‌ನಲ್ಲಿ ಮರದಟ್ಟೆ ಬೂಟಿನ ಕುಣಿತದ ಚಾಂಪಿಯನ್ ಆದ. 1888ರಿಂದ ಸುಮಾರು ಹದಿನೈದು ವರ್ಷ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದ ಕ್ರಿಸ್‌ಮಸ್ ಪ್ಯಾಂಟೊಮೈಮ್‌ಗಳ (ಹಾಡು-ಹಾಸ್ಯದ ಕಥಾನಾಟಕಗಳ) ಜೀವಾಳ; ಹೆಚ್ಚಾಗಿ ಹೆಣ್ಣುವೇಷ. 1901ರಲ್ಲಿ ಸ್ಯಾಂಡ್ರಿಂಗ್‌ಹ್ಯಾಮ್ ಅರಮನೆಯಲ್ಲಿ ದೊರೆ ಏಳನೇ ಎಡ್ವರ್ಡ್ ಎದುರು ಆಡಿದ. ಕೊನೆಗೆ ಮನಸ್ಸಿನ ಆರೋಗ್ಯ ಕೆಟ್ಟು 43ಕ್ಕೇ ತೀರಿಕೊಂಡ. ಆ ಭಾಗವನ್ನು ನಾವು ಗೌರವದಿಂದಲೇ ಮಾತಾಡೋಣ.

ನನಗೆ ಮುಖ್ಯ ಅನ್ನಿಸೋದು ಅವನ ವಿಧಾನ. ಒಂದು ಚರಣ ಹಾಡಿ ನಿಲ್ಲಿಸಿ, ಅಂಗಡಿಯವನೋ ಗೃಹಿಣಿಯೋ ಆಗಿ ಮಾತಿಗಿಳಿಯುತ್ತಿದ್ದ. ಮಿಸೆಸ್ ಕೆಲ್ಲಿ ಎಂಬ ನೆರೆಯವಳ ಸುದ್ದಿ ತೆಗೆದು, ಅವಳು ಸಭೆಯವರಿಗೆಲ್ಲ ಪರಿಚಯದವಳೇ ಎಂಬಂತೆ ಹರಟುತ್ತಿದ್ದ. ಕೆಲ್ಲಿ ವೇದಿಕೆಗೆ ಬರುವುದೇ ಇಲ್ಲ, ಆದರೂ ಕಣ್ಣೆದುರು ಬಂದು ನಿಲ್ಲುತ್ತಾಳೆ!

ಬರುವ ಮುಂಚೆ:
• ಅವನ ಹಳೆಯ ಧ್ವನಿಮುದ್ರಣ (1901–03) ಯೂಟ್ಯೂಬ್‌ನಲ್ಲಿ ಹುಡುಕಿ, ಒಂದಾದರೂ ಕೇಳಿ. ಗರಗರ ಸದ್ದಿರುತ್ತೆ, ಹೆಡ್‌ಫೋನ್ ಹಾಕಿಕೊಳ್ಳಿ.
• ಇಬ್ಬರು ತಲಾ ಎರಡು ನಿಮಿಷ ಇಂಥ ‘ಕಾಣದ ನೆರೆಯವಳ’ ಹರಟೆ ಆಡಿ ತೋರಿಸಬೇಕು. ಯಾರು ತಯಾರಿದ್ದೀರಿ?

ಶುಕ್ರವಾರ ರಾತ್ರಿಯೊಳಗೆ ‘ಬರ್ತೀನಿ’ ಅಂತ ಇಲ್ಲೇ ಬರೆಯಿರಿ. ಲಿಂಕ್ ಶನಿವಾರ ಹಾಕ್ತೀನಿ.