ಹಳದಿ ಚೀಟಿ ತರಕಾರಿ, ಅಪ್ಪನ ಮಂಡಿ

ಲೆಸ್ಟರ್, ಇಂಗ್ಲೆಂಡ್
ನವೆಂಬರ್ 5

ಅಮ್ಮನಿಗೂ ಅಪ್ಪನಿಗೂ ನಮಸ್ಕಾರ. ನಾವೆಲ್ಲ ಆರಾಮ. ಮಕ್ಕಳು ಆರಾಮ. ಇವರಿಗೆ ಸ್ವಲ್ಪ ನೆಗಡಿ, ಅಷ್ಟೇ.

ಅಮ್ಮಾ, ನಿನ್ನ ಕಾಗದ ಓದಿದೆ. ಅಪ್ಪ ಮಂಡಿ ಆಪರೇಷನ್ ಬೇಡವೇ ಬೇಡ ಅಂತ ಕೂತಿದ್ದಾರಂತೆ. "ಮೊಮ್ಮಕ್ಕಳ ಹೊಟ್ಟೆ ಕಟ್ಟಿ ಕಳಿಸೋ ದುಡ್ಡಲ್ಲಿ ನನಗೆ ಹೊಸ ಮಂಡಿ ಬೇಕಾಗಿಲ್ಲ" ಅಂದರಂತೆ. ಇದಕ್ಕೆಲ್ಲ ಮೂಲ ನಮ್ಮ ಪುಟ್ಟಿ. ವಿಡಿಯೋ ಕಾಲ್‌ನಲ್ಲಿ "ಅಜ್ಜಿ, ಮಮ್ಮಿ ಹಳದಿ ಚೀಟಿ ಇರೋದನ್ನೇ ತರೋದು, ಚೀಟಿ ಇಲ್ಲದ್ದನ್ನ ಮುಟ್ಟಕ್ಕೂ ಬಿಡಲ್ಲ" ಅಂತ ಒದರಿದಳು. ನೀನು ಅದನ್ನು ಅಪ್ಪನಿಗೆ ಹೇಳಿದೆ. ಅಪ್ಪ ಅದಕ್ಕೆ ಇನ್ನೆರಡು ಸೇರಿಸಿಕೊಂಡು ನಾವಿಲ್ಲಿ ಉಪವಾಸ ಬಿದ್ದಿದ್ದೇವೆ ಅನ್ನುವ ತೀರ್ಮಾನಕ್ಕೆ ಬಂದರು.

ಫೋನಿನಲ್ಲಿ ಹೇಳೋಣ ಅಂದರೆ ಅಪ್ಪ "ತಗೋ, ಅಮ್ಮನ ಹತ್ರ ಮಾತಾಡು" ಅಂತ ಫೋನ್ ದಾಟಿಸಿ ತೋಟಕ್ಕೆ ಹೋಗಿಬಿಡುತ್ತಾರೆ. ಅದಕ್ಕೇ ಈ ಕಾಗದ. ಪಕ್ಕದ ಬೀದಿಯ ಗುಬ್ಬಿಯವರ ಅತ್ತೆ ನಾಳೆ ಬೆಂಗಳೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದು. ಅಣ್ಣನ ಕೈಗೆ ಕೊಡಬೇಡ, ಅವನು ಮಧ್ಯೆ ಮಧ್ಯೆ ತನ್ನದೂ ನಾಲ್ಕು ಮಾತು ಸೇರಿಸಿ ಓದುತ್ತಾನೆ.

ಮೊದಲು ಆ ಹಳದಿ ಚೀಟಿ ವಿಷಯ. ಇಲ್ಲಿ ಅಂಗಡಿಯಲ್ಲಿ ಪ್ಯಾಕೆಟ್ಟಿನ ಮೇಲೆಲ್ಲ ತಾರೀಕು ಇರುತ್ತದೆ. ಆ ದಿನ ಖರ್ಚಾಗದ ಮಾಲಿಗೆ ಸಾಯಂಕಾಲ ಒಬ್ಬ ಹುಡುಗ ಬಂದು ಕಡಿಮೆ ರೇಟಿನ ಹಳದಿ ಚೀಟಿ ಅಂಟಿಸುತ್ತಾನೆ. ತಿಪಟೂರು ಸಂತೆಯಲ್ಲಿ ಕತ್ತಲಾಗುವ ಹೊತ್ತಿಗೆ ಗುಡ್ಡೆ ಸೊಪ್ಪನ್ನು ಹತ್ತು ರೂಪಾಯಿಗೆ ಕೂಗುತ್ತಾರಲ್ಲ, ಹಾಗೇ ಇದು. ನೀನೂ ಬೇಕೆಂದೇ ಸಂಜೆ ಮಾಡಿಕೊಂಡು ಸಂತೆಗೆ ಹೋಗುತ್ತಿದ್ದೆ ಅಲ್ವಾ? ಆಗ ನಮ್ಮನ್ನು ಯಾರಾದರೂ ಉಪವಾಸ ಇದ್ದಾರೆ ಅಂದರಾ? ಕೊಳೆತದ್ದನ್ನು ಮಾರುವುದಿಲ್ಲ ಅಮ್ಮಾ. ಮಾಂಸ, ಮೀನಿಗೆ ಬರೆಯುವ ತಾರೀಕು ಬೇರೆ ಥರ, ಅದು ಮುಗಿದ ಮೇಲೆ ತಿನ್ನಬಾರದು. ಬೇಳೆ, ಬಿಸ್ಕತ್ತಿಗೆ ಬರೆಯುವುದು ಬೇರೆ ಥರ, ಅಲ್ಲಿಯವರೆಗೆ ರುಚಿ ಚೆನ್ನಾಗಿರುತ್ತದೆ ಅಂತ ಅರ್ಥ, ಆಮೇಲೂ ಏನೂ ಆಗುವುದಿಲ್ಲ. ಎರಡನ್ನೂ ನೋಡಿಯೇ ತರುತ್ತೇನೆ. ಆ ಹುಡುಗ ಬರುವ ಹೊತ್ತಿಗೆ ದೊಡ್ಡ ಕಾರಿನವರೂ ಟ್ರಾಲಿ ಹಿಡಿದು ಅವನ ಹಿಂದೆಯೇ ಸುತ್ತುತ್ತಿರುತ್ತಾರೆ. ಯಾರಿಗೂ ನಾಚಿಕೆ ಇಲ್ಲ.

ಇನ್ನು ನನ್ನ ಕೆಲಸ. ನೀನು ಊರಲ್ಲಿ "ಸ್ಕೂಲಲ್ಲಿ ಕೆಲಸ" ಅಂತಷ್ಟೇ ಹೇಳಿಕೊಂಡಿದ್ದೀಯ, ಎಲ್ಲರೂ ನನ್ನನ್ನು ಟೀಚರ್ ಅಂದುಕೊಂಡಿದ್ದಾರೆ. ಇರಲಿ ಬಿಡು. ಆದರೆ ಸ್ಕೂಲಿನ ಅಡುಗೆಮನೆಯಲ್ಲಿ ಕಲಿತದ್ದೇ ಈಗ ಮನೆ ನಡೆಸುತ್ತಿದೆ. ನಮ್ಮ ಬಿಸಿಯೂಟದ ಹಾಗೆ ಇಲ್ಲೂ ಇದೆ. ಇಂಗ್ಲೆಂಡಿನಲ್ಲಿ 2014ರಿಂದ ರಿಸೆಪ್ಷನ್ (ಒಂದನೇ ಕ್ಲಾಸಿಗಿಂತ ಮೊದಲಿನದು), ಒಂದು, ಎರಡನೇ ಕ್ಲಾಸಿನ ಮಕ್ಕಳಿಗೆಲ್ಲ ಸರ್ಕಾರಿ ಶಾಲೆಯಲ್ಲಿ ಮಧ್ಯಾಹ್ನದ ಊಟ ಪುಕ್ಕಟೆ. ಪುಟ್ಟಿಗೆ ಅದು ಸಿಗುತ್ತದೆ. ನಮ್ಮ ಸ್ಕೂಲಲ್ಲಿ ಬುಧವಾರ ರೋಸ್ಟ್, ಶುಕ್ರವಾರ ಮೀನು, ಉಳಿದ ದಿನ ಬೇಯಿಸಿದ ಇಡೀ ಆಲೂಗಡ್ಡೆ ಸೀಳಿ ಅದರ ಮೇಲೆ ಟೊಮೆಟೊ ರಸದ ಬೀನ್ಸ್ ಸುರಿದು ಕೊಡುವುದು. ಉಪ್ಪು ಹುಳಿ ಖಾರ ಏನೂ ಇಲ್ಲ. ಪುಟ್ಟಿ ಚಪ್ಪರಿಸಿಕೊಂಡು ತಿನ್ನುತ್ತಾಳೆ, ಏನು ಮಾಡೋದು.

ಅಲ್ಲಿ ಮೂರು ವಾರದ ಪಟ್ಟಿ ಮಾಡಿರುತ್ತಾರೆ. ಮೂರು ವಾರ ಮುಗಿದರೆ ಮತ್ತೆ ಮೊದಲಿನಿಂದ. ಸಾಮಾನು ಎಷ್ಟು ಬೇಕು ಅಂತ ಮೊದಲೇ ಗೊತ್ತಿರುವುದರಿಂದ ಬಿಸಾಡುವುದು ಕಡಿಮೆ. ನಾನೂ ಮನೆಯಲ್ಲಿ ಹಾಗೇ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ. ಅಪ್ಪನಿಗೆ ಗೊತ್ತಾಗಲಿ ಅಂತ ಒಂದು ವಾರದ್ದು ಬರೆಯುತ್ತೇನೆ. ಸೋಮವಾರ ಬಸ್ಸಾರು, ಮುದ್ದೆ. ಸೊಪ್ಪು, ಬೇಳೆ ಬೇಯಿಸಿ ಬಸಿದ ಕಟ್ಟಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ. ಅದೇ ಪಲ್ಯ ಮಂಗಳವಾರ ಚಪಾತಿಯೊಳಗೆ ಸುತ್ತಿ ಪುಟ್ಟನ ಡಬ್ಬಿಗೆ. ಆ ರಾತ್ರಿ ಹುರುಳಿ ಸಾರು, ಮೊಳಕೆ ಕಟ್ಟಿದ್ದು. ಬುಧವಾರ ಕೋಸಿನ ಹುಳಿ. ಗುರುವಾರ ಹುಳಿ ಉಳಿದಿದ್ದರೆ ಅದಕ್ಕೇ ಅನ್ನ ಕಲಸಿ ಮೇಲೆ ಒಗ್ಗರಣೆ, ಇವರು ಅದನ್ನು ಬಿಸಿಬೇಳೆಬಾತ್ ಅಂತಲೇ ತಿಳಿದಿದ್ದಾರೆ, ನಾನೂ ಸುಮ್ನೆ ಇದ್ದೇನೆ. ಶುಕ್ರವಾರ ದೋಸೆ. ಭಾನುವಾರ ಕೋಳಿ.

ಕೋಳಿ ವಿಷಯ ಕೇಳು. ಇಲ್ಲಿ ಬರೀ ಎದೆ ತುಂಡು ತಗೊಂಡರೆ ದುಬಾರಿ, ಇಡೀ ಕೋಳಿ ತಗೊಂಡರೆ ಅಗ್ಗ. ಈಲಿಯನ್ನಂತೂ ಈ ಜನ ಹೆಚ್ಚು ತಿನ್ನುವುದೇ ಇಲ್ಲ, ಒಂದು ಡಬ್ಬಿಗೆ ಒಂದೂವರೆ ಪೌಂಡೂ ಆಗುವುದಿಲ್ಲ. ಮೆಣಸು ಹಾಕಿ ಹುರಿದರೆ ಅಪ್ಪ ಆ ಸವೆದ ಮಂಡಿಯಲ್ಲೇ ಕುಣಿಯಬೇಕು, ಹಾಗಿರುತ್ತದೆ. ಒಂದು ಕೋಳಿಯಲ್ಲಿ ಭಾನುವಾರದ ಸಾರು, ಸೋಮವಾರ ಇವರ ಡಬ್ಬಿ ಎರಡೂ ಆಗುತ್ತದೆ. ನಾಟಿ ಕೋಳಿ ರುಚಿ ಇಲ್ಲ, ಅದನ್ನು ಒಪ್ಪುತ್ತೇನೆ. ಕುರಿ ಮಾಂಸ ಹಬ್ಬಕ್ಕೆ ಮಾತ್ರ. ನಿಮ್ಮಲ್ಲೂ ಹಬ್ಬಕ್ಕೇ ಅಲ್ವಾ?

ಬೇಳೆ, ರಾಗಿ ಹಿಟ್ಟು, ಹುಣಸೆಹಣ್ಣು ಎಲ್ಲ ಬೆಲ್‌ಗ್ರೇವ್ ರೋಡಿನ ಗುಜರಾತಿ ಅಂಗಡಿಗಳಲ್ಲಿ ಸಿಗುತ್ತದೆ. ದೀಪಾವಳಿಗೆ ಲೈಟ್ ಹಾಕಿದ್ದ ಫೋಟೋ ಕಳಿಸಿದ್ದೆನಲ್ಲ, ಅದೇ ರಸ್ತೆ. ಒಂದು ಅಂಗಡಿಯ ಅಜ್ಜಿಯ ಮನೆಯವರು 1972ರಲ್ಲಿ ಉಗಾಂಡದಿಂದ ಇದಿ ಅಮೀನ್ ಓಡಿಸಿದಾಗ ಒಂದು ಸೂಟ್‌ಕೇಸ್ ಹಿಡಿದು ಬಂದವರಂತೆ. ಎರಡು ಕೆಜಿ ಬೇಳೆ ಎತ್ತಿಕೊಂಡರೆ "ದೊಡ್ಡ ಚೀಲ ತಗೋ, ಪಕ್ಕದ ಮನೆಯವಳ ಜೊತೆ ಹಂಚಿಕೋ" ಅಂತ ನನ್ನನ್ನು ಗದರಿಸುತ್ತಾರೆ. ಈಗ ನಾನು, ಗುಬ್ಬಿಯವರು, ಒಬ್ಬ ತಮಿಳು ಹುಡುಗಿ ಸೇರಿ ಚೀಲ ಹಂಚಿಕೊಳ್ಳುತ್ತೇವೆ. ಅಲ್ಲಿ ಅವರೇಕಾಳು ಕೂಡ ಫ್ರೀಜರ್‌ನಲ್ಲಿ ಸಿಗುತ್ತದೆ, ಪ್ಯಾಕೆಟ್ ಮೇಲೆ ಪಾಪ್ಡಿ ಲಿಲ್ವಾ ಅಂತಿರುತ್ತದೆ. ಚಳಿಗಾಲದಲ್ಲಿ ಹಿತುಕಿದ ಬೇಳೆ ಸಾರು ಮಾಡಿದರೆ ಸೊಗಡು ಮಾತ್ರ ಇರಲ್ಲ. 2023ರ ಜುಲೈನಲ್ಲಿ ನಮ್ಮ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿ ಹೊರಗೆ ಕಳಿಸುವುದನ್ನು ನಿಲ್ಲಿಸಿತಲ್ಲ, ಆಗ ಸೋನಾ ಮಸೂರಿಗೆ ಇಲ್ಲಿ ಪರದಾಟ. ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಆ ತಡೆ ತೆಗೆದರು. ಅಷ್ಟರಲ್ಲಿ ನಮ್ಮ ಮಕ್ಕಳಿಗೆ ಮುದ್ದೆ ರೂಢಿಯಾಗಿತ್ತು. ಪುಟ್ಟ ಗುಳುಂ ಅಂತ ನುಂಗುತ್ತಾನೆ, ಪುಟ್ಟಿ ಇನ್ನೂ ಅಗಿಯುತ್ತಾಳೆ.

ಅಪ್ಪನಿಗೆ ನಗು ಬರುವ ವಿಷಯ ಒಂದಿದೆ. ಅಟ್ಟದ ತುಂಬ ಕೊಬ್ಬರಿ ಇಟ್ಟವರ ಮಗಳು ಇಲ್ಲಿ ಫ್ರೀಜರ್‌ನ ತೆಂಗಿನ ತುರಿ ಕೊಳ್ಳುತ್ತಾಳೆ. ಇಡೀ ಕಾಯಿಗೆ ಒಂದು ಪೌಂಡ್ ಮೇಲೆ, ನಮ್ಮ ಲೆಕ್ಕದಲ್ಲಿ ನೂರು ರೂಪಾಯಿ ದಾಟಿತು. ಒಡೆದರೆ ಎಷ್ಟೋ ಸಲ ಒಳಗೆ ಹಳಸಿರುತ್ತದೆ. ಹಾಗಾಗಿ ಕಾಯಿ ಕಮ್ಮಿ, ಹುರಿಗಡಲೆ ಜಾಸ್ತಿ.

ತರಕಾರಿಗೆ ಮಾರ್ಕೆಟ್ಟಿನ ಬಯಲಂಗಡಿಗಳಿಗೆ ಹೋಗುತ್ತೇನೆ. ಬಟ್ಟಲು ತುಂಬ ಇಟ್ಟು ಬಟ್ಟಲಿಗೆ ಒಂದು ಪೌಂಡ್ ಅಂತ ಕೂಗುತ್ತಾರೆ. ಮೆಣಸಿನಕಾಯಿ, ಟೊಮೆಟೊ, ಬೀಟ್‌ರೂಟ್ ಎಲ್ಲ ಹಾಗೇ. ಬೀಟ್‌ರೂಟಿನ ಸೊಪ್ಪನ್ನು ಕಿತ್ತು ಬಿಸಾಡಲು ಹೊರಟವನನ್ನು ತಡೆದು ಅದನ್ನೂ ಚೀಲಕ್ಕೆ ಹಾಕಿಸಿಕೊಳ್ಳುತ್ತೇನೆ. ಅವನಿಗೆ ನಾನು ಮೊಲ ಸಾಕಿದ್ದೇನೆ ಅಂತ ಅನುಮಾನ. ಆಶ್ಚರ್ಯ ಅಂದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜನ ತಮ್ಮ ಹಿತ್ತಲಿನ ಸೇಬನ್ನು ಡಬ್ಬಿಗೆ ತುಂಬಿ ಗೇಟಿನ ಹೊರಗೆ ಇಡುತ್ತಾರೆ, ಬೇಕಾದವರು ತಗೊಳ್ಳಿ ಅಂತ. ಹಸಿರು ಸೇಬು, ಬಾಯಿಗಿಟ್ಟರೆ ಹುಳಿ, ಮಾವಿನಕಾಯಿ ಥರ. ಅದನ್ನು ತುರಿದು ಚಿತ್ರಾನ್ನ ಮಾಡಿದೆ. ಗುಬ್ಬಿಯವರ ಅತ್ತೆ ಎರಡು ಸಲ ಹಾಕಿಸಿಕೊಂಡರು, ಬೇಕಾದರೆ ಅವರನ್ನೇ ಕೇಳು.

ಕುಂಬಳಕಾಯಿ ಕಥೆ ಇನ್ನೂ ಚೆನ್ನಾಗಿದೆ. ಅಕ್ಟೋಬರ್ 31ಕ್ಕೆ ಇವರಿಗೆ ಹ್ಯಾಲೋವೀನ್ ಅಂತ ದೆವ್ವದ ಹಬ್ಬ. ಕುಂಬಳಕಾಯಿಗೆ ಕಣ್ಣು ಮೂಗು ಕೊರೆದು ಒಳಗೆ ದೀಪ ಇಟ್ಟು ಬಾಗಿಲಲ್ಲಿ ಇಡುತ್ತಾರೆ. ಮಾರನೇ ದಿನ ರಾಶಿ ರಾಶಿ ಕಸಕ್ಕೆ! ನಮ್ಮಲ್ಲಿ ಆಯುಧಪೂಜೆಗೆ ರಸ್ತೆಯಲ್ಲಿ ಒಡೆಯುತ್ತಾರಲ್ಲ ಅಂತ ನೀನು ಅನ್ನಬಹುದು, ಅದೂ ನಿಜ. ಹಬ್ಬ ಮುಗಿದ ಮೇಲೆ ಅಂಗಡಿಯಲ್ಲಿ ಉಳಿದ ಕಾಯಿಗೆ ಕೇಳುವವರಿಲ್ಲ, ಹಳದಿ ಚೀಟಿ. ನಾನು ಎರಡು ದೊಡ್ಡದು ಹೊತ್ತು ತಂದೆ. ಸಿಹಿ ಕಮ್ಮಿ, ನೀರು ಜಾಸ್ತಿ, ಪಲ್ಯಕ್ಕೆ ಸೋತಿತು. ಆದರೆ ಹುಳಿಗೆ, ಗೊಜ್ಜಿಗೆ ಏನೂ ಮೋಸವಿಲ್ಲ. ಸಿಪ್ಪೆಯಲ್ಲಿ ಚಟ್ನಿ, ಬೀಜ ಹುರಿದು ಮಕ್ಕಳಿಗೆ. ಈ ವಾರವೆಲ್ಲ ಮನೆಯಲ್ಲಿ ಕುಂಬಳಕಾಯಿಯೇ. ಪುಟ್ಟಿ ಮುಂದಿನ ಸಲ ಕಾಲ್ ಮಾಡಿದಾಗ ಅದನ್ನೂ ದೂರು ಹೇಳುತ್ತಾಳೆ, ನೋಡ್ತಿರು. ನಂಬಬೇಡ.

ಹಾಲು ಮಾತ್ರ ನೀಲಿ ಮುಚ್ಚಳದ್ದೇ ತರುತ್ತೇನೆ, ಕೆನೆ ಇರುವುದು. ಮೊಸರು ಮನೆಯಲ್ಲೇ. ಈ ಚಳಿಯಲ್ಲಿ ಹೆಪ್ಪು ನಿಲ್ಲುವುದಿಲ್ಲ, ಓವನ್ ಒಳಗೆ ಬರೀ ದೀಪ ಹಾಕಿ ರಾತ್ರಿ ಇಟ್ಟರೆ ಬೆಳಿಗ್ಗೆ ಗಟ್ಟಿ ಮೊಸರು. ಕರೆಂಟು ಯೂನಿಟ್‌ಗೆ ಹೆಚ್ಚುಕಮ್ಮಿ 25 ಪೆನ್ಸ್, ಅದಕ್ಕೇ ಅನ್ನ, ಬೇಳೆ, ತರಕಾರಿ ಮೂರನ್ನೂ ಒಂದೇ ಕುಕ್ಕರಿನಲ್ಲಿ ಬಟ್ಟಲ ಮೇಲೆ ಬಟ್ಟಲಿಟ್ಟು ಒಟ್ಟಿಗೆ ಕೂಗಿಸುತ್ತೇನೆ. ಇದೆಲ್ಲ ಸೇರಿ ನಾಲ್ಕು ಜನರ ವಾರದ ಖರ್ಚು 60 ಪೌಂಡ್ ಆಸುಪಾಸು. ಸಾಬೂನು ಪುಡಿ ಬಂದ ವಾರ ಸ್ವಲ್ಪ ಜಾಸ್ತಿ.

ಇವರ ಗೋಡೌನಿನಲ್ಲಿ ಓವರ್‌ಟೈಮ್ ನಿಲ್ಲಿಸಿರುವುದು ನಿಜ. ಅಣ್ಣನಿಗೆ ಯಾರು ಹೇಳಿದರೋ ಗೊತ್ತಿಲ್ಲ. ಆದರೆ ಕೆಲಸ ಇದೆ, ಸಂಬಳ ಇದೆ, ಕ್ರಿಸ್‌ಮಸ್‌ಗೆ ಮತ್ತೆ ಓವರ್‌ಟೈಮ್ ಬಂದೇ ಬರುತ್ತದೆ. ಹೋಟೆಲ್ಲಿಗೆ ಹೋಗುವುದು ಬಿಟ್ಟಿದ್ದೇವೆ, ಅಷ್ಟೇ. ಅಲ್ಲಿನ ಮಸಾಲೆ ದೋಸೆ ತಿಂದು ಯಾರಿಗೂ ತೃಪ್ತಿಯಾಗಿದ್ದಿಲ್ಲ. ಹೀಟರ್ ಸಂಜೆ ಮಾತ್ರ ಹಾಕುತ್ತೇವೆ, ಅದೂ ಇಲ್ಲಿ ಎಲ್ಲರೂ ಮಾಡುವುದೇ. ನೀನು ಸುಮ್ನೆ ತಲೆ ಕೆಡಿಸಿಕೊಳ್ಳಬೇಡ. ನಿಜವಾಗಿ ಏನೂ ಕಷ್ಟವಿಲ್ಲ. ಪುಟ್ಟನ ಪ್ಯಾಂಟು ಗಿಡ್ಡ ಕಾಣಿಸಿದ್ದು ಅವನು ಉದ್ದ ಆಗಿರುವುದಕ್ಕೆ. ಹೊಸದು ತಂದಾಯಿತು.

ಅಪ್ಪಾ, ಇನ್ನು ಮುಂದಿನದು ನಿಮಗೆ. ಎದ್ದು ಹೋಗಬೇಡಿ.

ಮಂಡಿಗೆ ಇಟ್ಟಿರುವ ದುಡ್ಡು ಅಳಿಯನದಲ್ಲ. ನನ್ನ ಸಂಬಳದ್ದು. ಬೇರೆ ಅಕೌಂಟಿನಲ್ಲಿದೆ, ಊಟದ ದುಡ್ಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಣ್ಣ ಕೊಟ್ಟರೆ ತಗೊಳ್ಳುತ್ತೀರಿ, ನಾನು ಕೊಟ್ಟರೆ ಮಗಳ ಮನೆ ದುಡ್ಡು ಅನ್ನುತ್ತೀರಿ. ನನ್ನನ್ನು ತುಮಕೂರು ಹಾಸ್ಟೆಲ್ಲಿಗೆ ಸೇರಿಸುವಾಗ ಕೊಬ್ಬರಿಯನ್ನು ಬಂದ ರೇಟಿಗೆ ಕೊಟ್ಟು ಫೀಸು ಕಟ್ಟಿದ್ದು ಯಾರು? ಆಗ ಮಗಳು, ಮಗ ಅಂತ ಲೆಕ್ಕ ಇಟ್ಟಿದ್ದಿರಾ? ಈಗ ಕೊಬ್ಬರಿ ರೇಟು ಇನ್ನೂ ಏರಲಿ, ಆಮೇಲೆ ನಮ್ಮ ದುಡ್ಡಲ್ಲೇ ಮಾಡಿಸೋಣ ಅಂತಿದ್ದೀರಂತೆ. ಕೊಬ್ಬರಿ ಅಟ್ಟದಲ್ಲಿ ಕಾಯುತ್ತದೆ, ಮಂಡಿ ಕಾಯುವುದಿಲ್ಲ. ಡಾಕ್ಟರು ಕೊಟ್ಟ ತಾರೀಕು ಒಂದು ಸಲ ತಪ್ಪಿಸಿದ್ದಾಗಿದೆ.

ಮಂಡಿ ಸಾಮಾನಿಗೇ ಲಕ್ಷಾಂತರ ಕೀಳುತ್ತಾರೆ ಅಂತ ನಿಮಗೆ ಅರಳಿಕಟ್ಟೆಯಲ್ಲಿ ಯಾರು ಹೇಳಿದರೋ. ಕೇಂದ್ರ ಸರ್ಕಾರ 2017ರಲ್ಲೇ ಮಂಡಿ ಇಂಪ್ಲಾಂಟ್‌ಗೆ ಗರಿಷ್ಠ ಬೆಲೆ ಗೊತ್ತು ಮಾಡಿದೆ. ಅದಕ್ಕಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ. ಬಿಲ್ಲಿನಲ್ಲಿ ಇಂಪ್ಲಾಂಟ್ ಬೆಲೆ, ಕಂಪನಿ ಹೆಸರು ಬೇರೆಯಾಗಿ ಬರೆಸಿಕೊಳ್ಳಲು ಅಣ್ಣನಿಗೆ ಹೇಳಿ. ರೂಮು, ಡಾಕ್ಟರ್ ಫೀಸು, ಔಷಧಿ ಬೇರೆ ಬರುತ್ತದೆ, ಅದನ್ನು ಮೊದಲೇ ಕೇಳಿ ಚೀಟಿಯಲ್ಲಿ ಬರೆಸಿಕೊಂಡರೆ ನಾನು ಅಷ್ಟನ್ನೂ ಹೊಂದಿಸುತ್ತೇನೆ. ಎರಡು ಮಂಡಿಯನ್ನೂ ಒಟ್ಟಿಗೆ ಮಾಡಿಸುವ ಮಾತು ಬೇಡ, ಮೊದಲು ಬಲಗಡೆಯದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು ಅಂತ ಡಾಕ್ಟರು ಹೇಳಿದ್ದಾರಲ್ಲ, ಹಾಗಾಗಿ ಅಮ್ಮಾ, ರಾತ್ರಿ ಮುದ್ದೆ ಚಿಕ್ಕದು ಮಾಡು, ಸೊಪ್ಪು ಜಾಸ್ತಿ ಹಾಕು. ಚಹಾಕ್ಕೆ ಬೆಲ್ಲ ಹಾಕಿದರೆ ಸಕ್ಕರೆ ಅಲ್ಲ ಅನ್ನುವುದು ಸುಳ್ಳು, ಅದೂ ಏರಿಸುತ್ತದೆ. ಆಪರೇಷನ್ ಆದ ಮೇಲೆ ಮಲಗಿಬಿಡುವಂತಿಲ್ಲ, ಹೇಳಿಕೊಟ್ಟ ಹಾಗೆ ದಿನಾ ನಡೆಸಬೇಕು, ಕಾಲು ಮಡಿಸಿ ಬಿಡಿಸಬೇಕು. ಅಟ್ಟ ಹತ್ತುವ ಏಣಿಯನ್ನು ಈಗಲೇ ಅಣ್ಣನ ಮನೆಗೆ ಸಾಗಿಸು.

ಡಿಸೆಂಬರಿನಲ್ಲಿ ಟಿಕೆಟ್ ದರ ಕೇಳುವ ಹಾಗಿಲ್ಲ, ಹಾಗಾಗಿ ನಾನು ಫೆಬ್ರವರಿ ರಜಕ್ಕೆ ನೋಡುತ್ತೇನೆ. ಬರುವುದಾದರೆ ಒಬ್ಬಳೇ. ಅದಕ್ಕೂ ದುಡ್ಡಿದೆ, ಅದನ್ನು ನೆಪ ಮಾಡಿಕೊಳ್ಳಬೇಡಿ.

ಬರೆಯುವುದು ಇನ್ನೂ ಇತ್ತು. ಗುಬ್ಬಿಯವರು ಸೂಟ್‌ಕೇಸ್ ಮುಚ್ಚಬೇಕು ಅಂತ ಎರಡು ಸಲ ಫೋನ್ ಮಾಡಿದರು. ಅವರ ಅತ್ತೆ ವಾಪಸ್ ಬರುವಾಗ ಸಾರಿನ ಪುಡಿ ಒಂದು ಕೆಜಿ ಕೊಡು, ಜಾಸ್ತಿ ಬೇಡ, ಅವರದ್ದೂ ತೂಕ ಇರುತ್ತದೆ. ಹುರುಳಿ ಕಳಿಸಬೇಡ, ಇಲ್ಲಿ ಸಿಗುತ್ತದೆ. ಆಸ್ಪತ್ರೆಗೆ ಈ ಸೋಮವಾರವೇ ಹೋಗಿ. ತಾರೀಕು ಸಿಕ್ಕ ಕೂಡಲೇ ಅಣ್ಣನ ಕೈಲಿ ಮೆಸೇಜ್ ಹಾಕಿಸು, ಮುಂಗಡ ಎಷ್ಟು ಕಟ್ಟಬೇಕು ಅನ್ನುವುದನ್ನೂ ಹಾಕಿಸು. ಅತ್ತಿಗೆಗೆ ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ಮಗಳು